ನಿದ್ರೆಯ ಮಾತ್ರೆ ಮತ್ತು ಮರುದಿನದ ಎಚ್ಚರ

ಚಿಂತೆ ಇಲ್ಲದವನಿಗೆ ಸಂತೆಯಲ್ಲೂ ನಿದ್ದೆ ಎಂದು ನಮ್ಮ ಹಿರಿಯರು ಹೇಳುತ್ತಿದ್ದರು. ಮಾತು ಸುಳ್ಳಲ್ಲ. ಆದರೆ ಬೆಂಗಳೂರಿನ ಹೊರವಲಯದಲ್ಲಿ ದುಡಿಯುತ್ತಿರುವ ನಮ್ಮ ಮಕ್ಕಳ ಮಟ್ಟಿಗೆ ಈ ಗಾದೆ ಅರ್ಧ ಸತ್ಯವೆಂದೇ ಹೇಳಬೇಕಾಗಿದೆ. ಪೀಣ್ಯದ ಕಾರ್ಖಾನೆಯಲ್ಲಿ ಮೂರನೆಯ ಪಾಳಿ ಮುಗಿಸಿ ಬೆಳಗಿನ 6 ಗಂಟೆಗೆ ಹೊರಬರುವ ಕಾರ್ಮಿಕನಿಗೆ ಚಿಂತೆ ಇರಲಿ, ಇಲ್ಲದಿರಲಿ, ಅವನು ಹಾಸಿಗೆ ಬಿಡಿಸುವ ಹೊತ್ತಿಗೆ ಊರೆಲ್ಲ ಎದ್ದಿರುತ್ತದೆ. ನ್ಯೂಯಾರ್ಕಿನಲ್ಲಿ ಬೆಳಗಿನ 9 ಗಂಟೆಯಾದಾಗ ನಮ್ಮಲ್ಲಿ ಚಳಿಗಾಲದಲ್ಲಿ ಸಂಜೆ 7.30, ಬೇಸಿಗೆಯಲ್ಲಿ 6.30. ಅಲ್ಲಿನ ಕಚೇರಿಗಳೊಡನೆ ಕೂಡಿ ಕೆಲಸ ಮಾಡುವ ವೈಟ್‌ಫೀಲ್ಡ್ ಮತ್ತು ಎಲೆಕ್ಟ್ರಾನಿಕ್ ಸಿಟಿಯ ಎಷ್ಟೋ ತರುಣ ತರುಣಿಯರ ಹಗಲು ಆರಂಭವಾಗುವುದೇ ದೀಪ ಹಚ್ಚುವ ಹೊತ್ತಿನಲ್ಲಿ. ಅವರಿಗೆ ನಿದ್ರೆ ಬಾರದಿರುವುದಕ್ಕೆ ಚಿಂತೆಯೊಂದೇ ಕಾರಣವಲ್ಲ. ಹಗಲು ಇರುಳುಗಳ ಲೆಕ್ಕಕ್ಕೆ ಒಗ್ಗಿರುವ ದೇಹವನ್ನು ಆ ಲೆಕ್ಕಕ್ಕೆ ವಿರುದ್ಧವಾಗಿ ದುಡಿಸುತ್ತಿರುವುದೂ ಕಾರಣವೇ.

ಇಂತಹ ಮನೆಗಳಿಗೆ ನಿದ್ರೆಯ ಮಾತ್ರೆ ಸದ್ದಿಲ್ಲದೆ ಪ್ರವೇಶಿಸುತ್ತದೆ. ರಕ್ತದೊತ್ತಡದ ಮಾತ್ರೆ, ಸಕ್ಕರೆ ಕಾಯಿಲೆಯ ಮಾತ್ರೆಗಳ ಬಗ್ಗೆ ಮನೆಮಂದಿಯೆಲ್ಲ ಬಹಿರಂಗವಾಗಿ ಮಾತನಾಡುತ್ತಾರೆ. ನಿದ್ರೆಯ ಮಾತ್ರೆಯ ವಿಷಯವಾದರೋ, ತಲೆದಿಂಬಿನ ಕೆಳಗೇ ಉಳಿದುಬಿಡುತ್ತದೆ. ಅದನ್ನು ಬರೆದುಕೊಟ್ಟ ವೈದ್ಯರು ಎಷ್ಟು ದಿನಕ್ಕೆಂದು ಹೇಳಿದ್ದರು, ಅದು ಹಗಲಿನಲ್ಲಿ ಏನು ಮಾಡುತ್ತದೆ, ಬಿಡುವುದು ಹೇಗೆ ಎಂಬ ಪ್ರಶ್ನೆಗಳನ್ನು ಯಾರೂ ಕೇಳುವುದಿಲ್ಲ. ಈ ಮಾತ್ರೆಯನ್ನು ದೂಷಿಸುವುದಾಗಲಿ, ವೈದ್ಯರ ಮಾತನ್ನು ಮೀರಿ ಸಲಹೆ ಕೊಡುವುದಾಗಲಿ ನಮ್ಮ ಉದ್ದೇಶವಲ್ಲ. ಸರಿಯಾದ ಕಾರಣಕ್ಕೆ, ಸರಿಯಾದ ಪ್ರಮಾಣದಲ್ಲಿ, ಸ್ವಲ್ಪ ಕಾಲಕ್ಕೆ ತೆಗೆದುಕೊಂಡಾಗ ಅದು ಉಪಕಾರಿಯೇ ಸರಿ. ಆದರೆ ಮಾತ್ರೆಯ ಕೆಲಸ ಬೆಳಗಾದೊಡನೆ ಮುಗಿಯುವುದಿಲ್ಲ ಎಂಬುದನ್ನು ಮನೆಯ ಪ್ರತಿಯೊಬ್ಬರೂ ಅರಿತಿರಬೇಕೆಂಬುದು ನಮ್ಮ ಆಶಯ.

ಮಾತ್ರೆ ಮಾಡುವ ಕೆಲಸ

ನಮ್ಮ ಮೆದುಳಿನಲ್ಲಿ ನರಗಳ ಚಟುವಟಿಕೆಯನ್ನು ತಗ್ಗಿಸುವ ಗಾಬಾ ಎಂಬ ರಾಸಾಯನಿಕವೊಂದು ಸಹಜವಾಗಿಯೇ ಇದೆ. ನಿದ್ರೆಯ ಮಾತ್ರೆಗಳಲ್ಲಿ ಬಹುಪಾಲು ಈ ಗಾಬಾದ ಬಲವನ್ನು ಹೆಚ್ಚಿಸುತ್ತವೆ. ಇಪ್ಪತ್ತನೆಯ ಶತಮಾನದ ಮೊದಲ ಅರ್ಧದಲ್ಲಿ ಬಾರ್ಬಿಟ್ಯುರೇಟ್ ಎಂಬ ಗುಂಪಿನ ಔಷಧಗಳು ಬಳಕೆಯಲ್ಲಿದ್ದವು. ಅವುಗಳ ಪ್ರಮಾಣ ಸ್ವಲ್ಪ ಮೀರಿದರೂ ಉಸಿರಾಟ ನಿಂತು ಪ್ರಾಣಾಪಾಯವಾಗುತ್ತಿತ್ತು. 1960ರಲ್ಲಿ ಕ್ಲೋರ್‌ಡಯಾಜೆಪಾಕ್ಸೈಡ್, 1963ರಲ್ಲಿ ಡಯಾಜೆಪಾಮ್ ಮಾರುಕಟ್ಟೆಗೆ ಬಂದ ಮೇಲೆ ಬೆಂಜೊಡಯಾಜೆಪೀನ್ ಎಂಬ ಹೊಸ ಗುಂಪು ಪ್ರಚಾರಕ್ಕೆ ಬಂದಿತು. ಅಲ್ಪ್ರಾಜೊಲಾಮ್, ಕ್ಲೊನಾಜೆಪಾಮ್, ಲೊರಾಜೆಪಾಮ್, ನೈಟ್ರಾಜೆಪಾಮ್ ಇವೆಲ್ಲ ಇದೇ ಗುಂಪಿಗೆ ಸೇರಿದವು. ಮುಂದೆ ಜೊಲ್ಪಿಡೆಮ್, ಜೊಪಿಕ್ಲೋನ್ ಮುಂತಾದವು ಬಂದವು. ಹೆಸರುಗಳು ಬೇರೆಯಾದರೂ ಇವು ತಟ್ಟುವ ಬಾಗಿಲು ಒಂದೇ, ಗಾಬಾದ ಬಾಗಿಲು.

ಇಲ್ಲಿ ಒಂದು ಸಂಗತಿಯನ್ನು ಗಮನಿಸಬೇಕು. ನುಂಗಿದ ಔಷಧವು ದೇಹದಲ್ಲಿ ಅರ್ಧಕ್ಕೆ ಇಳಿಯಲು ಹಿಡಿಯುವ ಕಾಲವು ಒಂದೊಂದಕ್ಕೆ ಒಂದೊಂದು ಬಗೆ. ಜೊಲ್ಪಿಡೆಮ್‌ಗೆ ಸುಮಾರು ಎರಡೂವರೆ ಗಂಟೆ ಸಾಕು. ಅಲ್ಪ್ರಾಜೊಲಾಮ್‌ಗೆ ಆರೋಗ್ಯವಂತ ವಯಸ್ಕರಲ್ಲಿ ಸುಮಾರು 11 ಗಂಟೆ ಬೇಕು. ಕ್ಲೊನಾಜೆಪಾಮ್‌ಗೆ 30ರಿಂದ 40 ಗಂಟೆ. ಡಯಾಜೆಪಾಮ್ ಒಂದೆರಡು ದಿನ ಉಳಿಯುವುದಲ್ಲದೆ, ಅದರಿಂದ ದೇಹದಲ್ಲಿ ಹುಟ್ಟುವ ಮತ್ತೊಂದು ವಸ್ತು ಇನ್ನೂ ಹೆಚ್ಚು ಕಾಲ ಉಳಿಯುತ್ತದೆ. ಎಂದರೆ, ಸೋಮವಾರದ ಮಾತ್ರೆ ಪೂರ್ತಿ ಹೊರಹೋಗುವ ಮುನ್ನವೇ ಮಂಗಳವಾರದ ಮಾತ್ರೆ ಒಳಗೆ ಬಂದಿರುತ್ತದೆ. ಹೀಗೆ ದಿನದಿನವೂ ಔಷಧ ಒಳಗೆ ಸಂಗ್ರಹವಾಗುತ್ತ ಹೋಗುತ್ತದೆ. ಯಕೃತ್ತು, ಮೂತ್ರಪಿಂಡಗಳ ಶಕ್ತಿ ಕುಂದಿದ ವೃದ್ಧರಲ್ಲಿ ಈ ಕಾಲವು ಮತ್ತಷ್ಟು ಲಂಬಿಸುತ್ತದೆ.

ಬೆಳಗಿನ ಮಂಪರು

ಅಡ್ಡ ಪರಿಣಾಮಗಳಲ್ಲಿ ಅತಿ ಸಾಮಾನ್ಯವಾದದ್ದು ಮರುದಿನದ ಮಂಪರು. ಎದ್ದ ಮೇಲೆ ತಲೆ ಭಾರ, ಮಾತು ತಡವರಿಕೆ, ಕೈಕಾಲುಗಳಲ್ಲಿ ನಿಧಾನ, ಏಕಾಗ್ರತೆಯ ಕೊರತೆ, ಕೆಲವರಿಗೆ ತಲೆನೋವು ಮತ್ತು ತಲೆಸುತ್ತು. ಕಾಫಿ ಕುಡಿದರೆ ಸರಿಹೋಗುವ ಆಲಸ್ಯವೆಂದು ಇದನ್ನು ಕಡೆಗಣಿಸುವವರೇ ಹೆಚ್ಚು. ಕಾಫಿಯು ಕಣ್ಣನ್ನು ತೆರೆಸಬಹುದು, ಆದರೆ ಔಷಧವನ್ನು ರಕ್ತದಿಂದ ಹೊರಹಾಕಲಾರದು. ಇನ್ನೂ ದೊಡ್ಡ ತೊಡಕೆಂದರೆ, ಮಂಪರಿನಲ್ಲಿರುವವನಿಗೆ ತಾನು ಮಂಪರಿನಲ್ಲಿದ್ದೇನೆ ಎಂಬ ಅರಿವು ಇರಲೇಬೇಕೆಂದಿಲ್ಲ. ತಾನು ಚೆನ್ನಾಗಿಯೇ ಎಚ್ಚರವಾಗಿದ್ದೇನೆಂದು ಭಾವಿಸಿದವರಲ್ಲಿಯೂ ವಾಹನ ನಡೆಸುವ ಸಾಮರ್ಥ್ಯ ಕುಗ್ಗಿರಬಹುದೆಂಬುದು ಪರೀಕ್ಷೆಗಳಿಂದ ತಿಳಿದುಬಂದಿದೆ.

ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆಯು 2013ರ ಜನವರಿಯಲ್ಲಿ ಜೊಲ್ಪಿಡೆಮ್ ವಿಷಯದಲ್ಲಿ ಒಂದು ಮಹತ್ವದ ಕ್ರಮ ಕೈಗೊಂಡಿತು. ಸ್ತ್ರೀಯರ ದೇಹದಿಂದ ಈ ಔಷಧ ನಿಧಾನವಾಗಿ ಹೊರಹೋಗುತ್ತದೆ, ಬೆಳಗಿನ ಹೊತ್ತಿಗೆ ರಕ್ತದಲ್ಲಿ ಹೆಚ್ಚು ಉಳಿದಿರುತ್ತದೆ ಎಂಬ ಕಾರಣದಿಂದ ಅವರಿಗೆ ಸೂಚಿಸುವ ಪ್ರಮಾಣವನ್ನು 10 ಮಿಲಿಗ್ರಾಂನಿಂದ 5 ಮಿಲಿಗ್ರಾಂಗೆ ಇಳಿಸಿತು. ನಿಧಾನವಾಗಿ ಕರಗುವ ಬಗೆಯ ಮಾತ್ರೆ ತೆಗೆದುಕೊಂಡವರು ಮರುದಿನ ವಾಹನ ನಡೆಸಬಾರದೆಂದೂ ಅದೇ ವರ್ಷ ಎಚ್ಚರಿಸಿತು. ಆದುದರಿಂದ ಗಂಡನಿಗೆ ಬರೆದುಕೊಟ್ಟ ಮಾತ್ರೆಯನ್ನು ಹೆಂಡತಿಯೂ ಒಂದು ನುಂಗಿದರೆ ಏನಾದೀತು ಎನ್ನುವವರು ಈ ಮಾತನ್ನು ನೆನಪಿನಲ್ಲಿಡಬೇಕು.

ನಮ್ಮ ಪರಿಸರಕ್ಕೆ ಬರೋಣ. ಪೀಣ್ಯದಲ್ಲಿ 1970ರ ದಶಕದ ಕೊನೆಯಿಂದ ಬೆಳೆದುಬಂದಿರುವ ಸಾವಿರಾರು ಸಣ್ಣ ಮತ್ತು ಮಧ್ಯಮ ಕಾರ್ಖಾನೆಗಳಲ್ಲಿ ಲೇತ್, ಪವರ್ ಪ್ರೆಸ್, ಕತ್ತರಿಸುವ ಯಂತ್ರಗಳ ಮುಂದೆ ನಿಂತು ದುಡಿಯುವವರಿದ್ದಾರೆ. ಪ್ರೆಸ್ಸಿನ ಕೆಳಗಿನಿಂದ ಬೆರಳನ್ನು ಹಿಂದಕ್ಕೆ ಎಳೆದುಕೊಳ್ಳಲು ಅರೆಗಳಿಗೆಯೂ ಸಿಗುವುದಿಲ್ಲ. ರಾತ್ರಿ 10ರ ಪಾಳಿಗೆ ಹೋಗಬೇಕಾದವನು ಮಧ್ಯಾಹ್ನ 2 ಗಂಟೆಗೆ ಮಾತ್ರೆ ನುಂಗಿ ಮಲಗಿದನೆನ್ನಿ. ಅಲ್ಪ್ರಾಜೊಲಾಮ್ ಆಗಿದ್ದರೆ ಪಾಳಿ ಆರಂಭವಾಗುವಾಗ ಅದರ ಅರ್ಧಕ್ಕಿಂತ ಹೆಚ್ಚು ಭಾಗ ಅವನ ದೇಹದಲ್ಲಿಯೇ ಉಳಿದಿರಬಹುದು. ಎಲೆಕ್ಟ್ರಾನಿಕ್ ಸಿಟಿಯಿಂದ ಹೊಸೂರು ರಸ್ತೆಯ ಮೇಲುಸೇತುವೆಯಲ್ಲಿ ಮುಂಜಾನೆ ದ್ವಿಚಕ್ರ ವಾಹನವನ್ನೋ ಕಾರನ್ನೋ ನಡೆಸಿಕೊಂಡು ಮನೆಗೆ ಮರಳುವವರ ಅಪಾಯವೂ ಕಡಿಮೆಯದಲ್ಲ. ವಾಹನದ ಮೇಲೆ ಹಿಡಿತ ತಪ್ಪುವಷ್ಟರ ಮಟ್ಟಿಗೆ ಔಷಧದ ಪ್ರಭಾವಕ್ಕೆ ಒಳಗಾಗಿ ವಾಹನ ನಡೆಸುವುದನ್ನು 1988ರ ಮೋಟಾರು ವಾಹನ ಕಾಯ್ದೆಯ 185ನೆಯ ಕಲಮು ಮದ್ಯಪಾನದ ಸಾಲಿನಲ್ಲಿಯೇ ಇರಿಸಿದೆ. ಇಂದು ಪೀಣ್ಯ, ವೈಟ್‌ಫೀಲ್ಡ್, ಎಲೆಕ್ಟ್ರಾನಿಕ್ ಸಿಟಿ ಮೂರೂ ಕಡೆಗೆ ಮೆಟ್ರೊ ರೈಲು ಇದೆ. ಮಾತ್ರೆ ನುಂಗುವ ದಿನಗಳಲ್ಲಾದರೂ ಸ್ವಂತ ವಾಹನವನ್ನು ಮನೆಯಲ್ಲಿ ಬಿಟ್ಟು ರೈಲಿನಲ್ಲಿಯೋ ಸಂಸ್ಥೆಯ ವಾಹನದಲ್ಲಿಯೋ ಹೋಗಿಬರುವುದು ವಿವೇಕ.

ಮರೆವು ಮತ್ತು ಅರಿವಿಲ್ಲದ ಓಡಾಟ

ಎರಡನೆಯದು ಮರೆವು. ಮಾತ್ರೆ ನುಂಗಿದ ಬಳಿಕ ಮಲಗದೆ ಮೊಬೈಲ್ ನೋಡುತ್ತಲೋ ಮಾತನಾಡುತ್ತಲೋ ಕುಳಿತವರು ಆ ಹೊತ್ತಿನಲ್ಲಿ ನಡೆದುದನ್ನು ಮರುದಿನ ಪೂರ್ತಿ ಮರೆತಿರಬಹುದು. ಹಳೆಯ ನೆನಪುಗಳು ಅಳಿಯುವುದಿಲ್ಲ, ಆದರೆ ಮಾತ್ರೆಯ ಪ್ರಭಾವದಲ್ಲಿದ್ದಾಗ ಹೊಸ ನೆನಪುಗಳು ಅಚ್ಚಾಗುವುದಿಲ್ಲ. ತಾನು ಮಾತ್ರೆ ನುಂಗಿದೆನೋ ಇಲ್ಲವೋ ಎಂಬುದೇ ಮರೆತು ಮತ್ತೊಂದನ್ನು ನುಂಗುವ ಅಪಾಯ ಇದರಿಂದ ಉಂಟಾಗುತ್ತದೆ. ವಯಸ್ಸಾದವರಲ್ಲಿ ಈ ಮರೆವನ್ನು ಕಂಡು ಅರಳುಮರಳು ಆರಂಭವಾಯಿತೆಂದು ಮನೆಯವರು ಕಂಗೆಡುವುದುಂಟು. ಅಂತಹ ಸಂದರ್ಭದಲ್ಲಿ ಅವರು ನುಂಗುತ್ತಿರುವ ಮಾತ್ರೆಗಳ ಪಟ್ಟಿಯನ್ನು ಮೊದಲು ವೈದ್ಯರಿಗೆ ತೋರಿಸಬೇಕು.

ಅಪರೂಪವಾದರೂ ಭಯಂಕರವಾದ ಇನ್ನೊಂದು ಪರಿಣಾಮವಿದೆ. ಜೊಲ್ಪಿಡೆಮ್ ಗುಂಪಿನ ಮಾತ್ರೆ ನುಂಗಿದ ಕೆಲವರು ಪೂರ್ತಿ ಎಚ್ಚರಗೊಳ್ಳದೆಯೇ ಎದ್ದು ನಡೆಯುತ್ತಾರೆ, ಒಲೆ ಹಚ್ಚಿ ಅಡುಗೆ ಮಾಡುತ್ತಾರೆ, ಉಣ್ಣುತ್ತಾರೆ, ವಾಹನವನ್ನೂ ನಡೆಸುತ್ತಾರೆ. ಬೆಳಗ್ಗೆ ಕೇಳಿದರೆ ಏನೂ ನೆನಪಿರುವುದಿಲ್ಲ. ಇಂತಹ ಘಟನೆಗಳಲ್ಲಿ ತೀವ್ರ ಗಾಯಗಳೂ ಸಾವುಗಳೂ ಸಂಭವಿಸಿದುದರಿಂದ ಅಮೆರಿಕದ ಅದೇ ಸಂಸ್ಥೆಯು 2019ರ ಏಪ್ರಿಲ್‌ನಲ್ಲಿ ಈ ಔಷಧಗಳ ಮೇಲೆ ತನ್ನ ಅತಿ ಗಂಭೀರ ಎಚ್ಚರಿಕೆಯನ್ನು ಮುದ್ರಿಸಲು ಆಜ್ಞಾಪಿಸಿತು. ಒಮ್ಮೆ ಹೀಗಾದವರು ಆ ಔಷಧವನ್ನು ಮತ್ತೆ ಮುಟ್ಟಬಾರದೆಂಬುದು ಅದರ ಸಾರ. ವೈಟ್‌ಫೀಲ್ಡ್‌ನ ಬಹುಮಹಡಿ ಕಟ್ಟಡಗಳಲ್ಲಿ, ಹತ್ತನೆಯ, ಹನ್ನೆರಡನೆಯ ಅಂತಸ್ತಿನಲ್ಲಿ ಒಬ್ಬಂಟಿಯಾಗಿ ವಾಸಿಸುವ ಯುವಜನರು ಇದನ್ನು ಲಘುವಾಗಿ ಎಣಿಸಬಾರದು. ಬೆಳಗ್ಗೆದ್ದಾಗ ಅಡುಗೆಮನೆಯಲ್ಲಿ ತಾವು ಇಡದ ಪಾತ್ರೆ ಕಂಡರೆ, ತಾವು ಕಳುಹಿಸಿದ ನೆನಪಿಲ್ಲದ ಸಂದೇಶ ಮೊಬೈಲ್‌ನಲ್ಲಿ ಕಂಡರೆ, ಅದನ್ನು ತಮಾಷೆಯೆಂದು ಬಿಡದೆ ವೈದ್ಯರಿಗೆ ತಿಳಿಸಬೇಕು.

ಹಿರಿಯರು ಬೀಳುವುದು

ಧಾರವಾಡ, ಹಾವೇರಿ, ಕಲಬುರಗಿ, ಬೀದರ ಕಡೆಗಳಿಂದ ಮಕ್ಕಳ ಮನೆಗೆಂದು ಬಂದು ಬೆಂಗಳೂರಿನ ಹೊರವಲಯದ ಬಡಾವಣೆಗಳಲ್ಲಿ ನೆಲೆಸಿರುವ ಹಿರಿಯರು ನಮ್ಮ ಸಮಾಜದಲ್ಲಿ ಅನೇಕರಿದ್ದಾರೆ. ಊರಿನ ಕಟ್ಟೆ ಇಲ್ಲ, ಮಾತಿಗೆ ಜೊತೆ ಇಲ್ಲ, ಹಗಲೆಲ್ಲ ಕುಳಿತಲ್ಲೇ ತೂಕಡಿಕೆ, ರಾತ್ರಿ ನಿದ್ರೆ ಇಲ್ಲ. ವಯಸ್ಸಾದಂತೆ ನಿದ್ರೆ ತೆಳುವಾಗುವುದು, ನಡುನಡುವೆ ಎಚ್ಚರವಾಗುವುದು ಸಹಜವೆಂಬುದನ್ನು ಅರಿಯದೆ ಅರ್ಧ ಮಾತ್ರೆಯಿಂದ ಆರಂಭಿಸುತ್ತಾರೆ. ಪಕ್ಕದ ಮನೆಯವರು ಕೊಟ್ಟದ್ದೂ ಆಗಿರಬಹುದು.

ಈ ಮಾತ್ರೆಗಳು ಸ್ನಾಯುಗಳನ್ನು ಸಡಿಲಗೊಳಿಸುತ್ತವೆ, ದೇಹದ ಸಮತೋಲವನ್ನು ಕೆಡಿಸುತ್ತವೆ. ರಾತ್ರಿ ಮೂತ್ರಕ್ಕೆಂದು ಎದ್ದವರು ತಲೆ ತಿರುಗಿ ಬೀಳುವುದು, ಸೊಂಟದ ಕೀಲಿನ ಬಳಿ ಮೂಳೆ ಮುರಿಯುವುದು ವೃದ್ಧರಲ್ಲಿ ಎಲ್ಲರಿಗೂ ತಿಳಿದ ಅಪಾಯ. ಆದುದರಿಂದಲೇ 65 ವರ್ಷ ದಾಟಿದವರಿಗೆ ಬೆಂಜೊಡಯಾಜೆಪೀನ್ ಮತ್ತು ಜೊಲ್ಪಿಡೆಮ್ ಗುಂಪಿನ ಔಷಧಗಳನ್ನು ಸಾಧ್ಯವಾದಷ್ಟು ಕೊಡಬಾರದೆಂದು ಅಮೆರಿಕದ ವೃದ್ಧವೈದ್ಯರ ಸಂಘವು ಪ್ರಕಟಿಸುವ ಬಿಯರ್ಸ್ ಪಟ್ಟಿ ಹೇಳುತ್ತದೆ.

ನಮ್ಮ ಮನೆಗಳ ಮಟ್ಟಿಗೆ ಇನ್ನೊಂದು ಮಾತನ್ನೂ ಸೇರಿಸಬೇಕಾಗಿದೆ. ನಸುಕಿನಲ್ಲಿ ಎದ್ದು, ಸ್ನಾನ ಮಾಡಿ, ಇಷ್ಟಲಿಂಗ ಪೂಜೆಗೆ ಕುಳಿತುಕೊಳ್ಳುವ ಪರಿಪಾಠ ಹಿರಿಯರಲ್ಲಿ ಅನೇಕರಿಗೆ ಉಂಟು. ರಾತ್ರಿ 11ಕ್ಕೋ, ನಿದ್ರೆ ಬಾರದೆ ಹೊರಳಾಡಿ 1 ಗಂಟೆಗೋ ಮಾತ್ರೆ ನುಂಗಿದವರು ನಾಲ್ಕೂವರೆಗೆ ಎದ್ದು ಒದ್ದೆ ನೆಲದ ಬಚ್ಚಲಿಗೆ ಕಾಲಿಡುವುದೆಂದರೆ ಮಾತ್ರೆಯ ಪ್ರಭಾವ ಗಾಢವಾಗಿರುವಾಗಲೇ ಜಾರುವ ನೆಲದ ಮೇಲೆ ನಡೆದಂತೆ. ಪೂಜೆಯ ನಿಯಮವನ್ನು ಬಿಡಬೇಕೆಂದು ನಾವು ಹೇಳುತ್ತಿಲ್ಲ. ಏಳುವ ವೇಳೆಯನ್ನು ವೈದ್ಯರಿಗೆ ತಪ್ಪದೆ ತಿಳಿಸಿರಿ. ನಡುರಾತ್ರಿ ಕಳೆದ ಮೇಲೆ ಮಾತ್ರೆ ನುಂಗುವುದನ್ನು ಬಿಡಿರಿ. ಬಚ್ಚಲಿನ ಗೋಡೆಗೆ ಹಿಡಿಕೆ, ನೆಲಕ್ಕೆ ಜಾರದ ಚಾಪೆ, ಹಾದಿಯಲ್ಲಿ ಸಣ್ಣ ದೀಪ ಇಷ್ಟನ್ನು ಮಾಡಿಸಿರಿ.

ಇತರ ತೊಂದರೆಗಳು

ಬಾಯಿ ಒಣಗುವುದು, ಹೊಟ್ಟೆ ತೊಳಸುವುದು, ಮಲಬದ್ಧತೆ ಅಥವಾ ಭೇದಿ, ಕೆಟ್ಟ ಕನಸುಗಳು ಇವೂ ಕಂಡುಬರುತ್ತವೆ. ಜೊಪಿಕ್ಲೋನ್ ಬಗೆಯ ಮಾತ್ರೆ ತೆಗೆದುಕೊಂಡವರಿಗೆ ಬೆಳಗ್ಗೆ ಬಾಯಲ್ಲಿ ಲೋಹದಂತಹ ಕಹಿ ರುಚಿ ಉಳಿಯುತ್ತದೆ. ನಿದ್ರೆಗೆಂದೇ ತಯಾರಾಗದ ಕೆಲವು ಔಷಧಗಳನ್ನೂ ನಿದ್ರೆಗಾಗಿ ಬರೆದುಕೊಡುವುದುಂಟು. ಅಮಿಟ್ರಿಪ್ಟಿಲಿನ್‌ನಿಂದ ಬಾಯಿ ಒಣಗಬಹುದು, ಮಲಬದ್ಧತೆಯಾಗಬಹುದು. ಮಿರ್ಟಾಜಪೀನ್‌ನಿಂದ ಹಸಿವು ಹೆಚ್ಚಿ ಮೈತೂಕ ಏರಬಹುದು. ನೆಗಡಿ, ಅಲರ್ಜಿಗೆ ಕೊಡುವ ಹಳೆಯ ಬಗೆಯ ಮಾತ್ರೆಗಳನ್ನು ನಿದ್ರೆಗಾಗಿ ನುಂಗುವವರೂ ಇದ್ದಾರೆ. ಪ್ರಾಸ್ಟೇಟ್ ಗ್ರಂಥಿ ಊದಿಕೊಂಡಿರುವ ಹಿರಿಯರಿಗೆ ಇವುಗಳಿಂದ ಮೂತ್ರ ಕಟ್ಟಿಕೊಳ್ಳುವ ಸಂಭವವಿದೆ. ಖಿನ್ನತೆಯುಳ್ಳವರಲ್ಲಿ ನಿದ್ರೆಯ ಮಾತ್ರೆಗಳು ಆ ಖಿನ್ನತೆಯನ್ನು ಹೆಚ್ಚಿಸಬಹುದು. ನಿದ್ರಾಹೀನತೆ ಖಿನ್ನತೆಯ ಮೊದಲ ಗುರುತಾಗಿರುವುದೂ ಉಂಟಾದ್ದರಿಂದ ಬರಿಯ ನಿದ್ರೆಗೆ ಮದ್ದು ಕೇಳದೆ ಮನಸ್ಸಿನ ಸ್ಥಿತಿಯನ್ನೂ ವೈದ್ಯರ ಮುಂದೆ ಬಿಚ್ಚಿಡಬೇಕು.

ಕೂಡಬಾರದ ಜೊತೆ

ಮದ್ಯ ಮತ್ತು ನಿದ್ರೆಯ ಮಾತ್ರೆ ಎರಡೂ ಮೆದುಳನ್ನು ಒಂದೇ ದಿಕ್ಕಿನಲ್ಲಿ ಮಂಕುಗೊಳಿಸುತ್ತವೆ. ಎರಡೂ ಸೇರಿದರೆ ಉಸಿರಾಟ ನಿಧಾನವಾಗಿ ಪ್ರಾಣಕ್ಕೆ ಎರವಾಗಬಹುದು. ಕೊಡೀನ್ ಇರುವ ಕೆಮ್ಮಿನ ಔಷಧ, ಟ್ರಮಡಾಲ್‌ನಂತಹ ನೋವಿನ ಮಾತ್ರೆಗಳ ಜೊತೆಯೂ ಹೀಗೆಯೇ. ಗಟ್ಟಿಯಾಗಿ ಗೊರಕೆ ಹೊಡೆಯುವವರು, ನಿದ್ರೆಯಲ್ಲಿ ಉಸಿರು ಕಟ್ಟಿ ಬೆಚ್ಚಿ ಏಳುವವರು ಮೊದಲು ಆ ತೊಂದರೆಯನ್ನೇ ಪರೀಕ್ಷೆ ಮಾಡಿಸಿಕೊಳ್ಳಬೇಕು. ಗಂಟಲಿನ ಸ್ನಾಯುಗಳನ್ನು ಸಡಿಲಿಸುವ ಮಾತ್ರೆ ಅದನ್ನು ಉಲ್ಬಣಗೊಳಿಸಬಲ್ಲದು. ಗರ್ಭಿಣಿಯರು, ಹಾಲುಣಿಸುವ ತಾಯಂದಿರು ವೈದ್ಯರಿಗೆ ತಿಳಿಸದೆ ಒಂದು ಮಾತ್ರೆಯನ್ನೂ ನುಂಗಬಾರದು. ಹುಟ್ಟಿದ ಮಗುವಿನಲ್ಲಿ ಮಂಪರು, ಹಾಲು ಚೀಪಲಾಗದ ನಿಶ್ಶಕ್ತಿ ಕಾಣಿಸಿಕೊಳ್ಳಬಹುದು.

ಮಾತ್ರೆ ಇಲ್ಲದಿದ್ದರೆ ನಿದ್ರೆಯೇ ಇಲ್ಲವೆಂಬ ಭ್ರಮೆ

ಇದುವರೆಗೆ ಹೇಳಿದವು ಮಾತ್ರೆ ನುಂಗುವಾಗಿನ ತೊಂದರೆಗಳು. ಎಲ್ಲಕ್ಕಿಂತ ಹೆಚ್ಚು ಮನೆಗಳನ್ನು ಕಟ್ಟಿಹಾಕುವ ತೊಂದರೆ ಕಾಣಿಸಿಕೊಳ್ಳುವುದು ಅದನ್ನು ಬಿಡಹೊರಟಾಗ. ಕೆಲವು ವಾರಗಳು ಸತತವಾಗಿ ಮಾತ್ರೆ ನುಂಗಿದಾಗ ಮೆದುಳು ಅದಕ್ಕೆ ಹೊಂದಿಕೊಳ್ಳುತ್ತದೆ. ಮೊದಲು ಒಂದರಿಂದ ಬರುತ್ತಿದ್ದ ನಿದ್ರೆಗೆ ಒಂದೂವರೆ, ಎರಡು ಬೇಕೆನಿಸುತ್ತದೆ. ಒಂದು ದಿನ ಧೈರ್ಯ ಮಾಡಿ ಬಿಟ್ಟರೆ ಆ ರಾತ್ರಿ ಮೊದಲಿಗಿಂತಲೂ ಕೆಟ್ಟದಾಗಿ ಕಳೆಯುತ್ತದೆ. ಎದೆ ಬಡಿತ, ಬೆವರು, ಕೈನಡುಕ, ಕಾರಣವಿಲ್ಲದ ಕಳವಳ ಕಾಣಿಸಿಕೊಳ್ಳಬಹುದು. ಆಗ ಮನುಷ್ಯನು ಏನೆಂದುಕೊಳ್ಳುತ್ತಾನೆ? ತನ್ನ ನಿದ್ರಾಹೀನತೆ ಇನ್ನೂ ವಾಸಿಯಾಗಿಲ್ಲ, ತನಗೆ ಜೀವಮಾನವೆಲ್ಲ ಮಾತ್ರೆ ಬೇಕೇ ಬೇಕು ಎಂದುಕೊಳ್ಳುತ್ತಾನೆ. ನಿಜಾಂಶ ಬೇರೆ ಇರಬಹುದು. ಆ ರಾತ್ರಿಯ ಸಂಕಟ ಹಳೆಯ ರೋಗದ್ದಲ್ಲದೆ, ಮಾತ್ರೆ ಬಿಟ್ಟದ್ದರಿಂದ ಹುಟ್ಟಿದ್ದಾಗಿರಬಹುದು. ಈ ಒಂದು ತಪ್ಪು ತಿಳಿವಳಿಕೆಯಿಂದ ಎರಡು ವಾರದ ಮಾತ್ರೆ ಎಷ್ಟೋ ಮನೆಗಳಲ್ಲಿ ಹತ್ತಾರು ವರ್ಷದ ಮಾತ್ರೆಯಾಗಿದೆ.

ವೈದ್ಯಲೋಕ ಇದನ್ನು ಬಹಳ ಹಿಂದೆಯೇ ಅರಿತುಕೊಂಡಿದೆ. ಬ್ರಿಟನ್ನಿನ ಔಷಧ ಸುರಕ್ಷತಾ ಸಮಿತಿಯು 1988ರಲ್ಲಿಯೇ ಈ ಮಾತ್ರೆಗಳನ್ನು 2ರಿಂದ 4 ವಾರಗಳಿಗೆ ಮಾತ್ರ ಸೀಮಿತಗೊಳಿಸಬೇಕೆಂದು ಸೂಚಿಸಿತು. ಅಮೆರಿಕದ ನಿಯಂತ್ರಣ ಸಂಸ್ಥೆಯು 2020ರಲ್ಲಿ ಬೆಂಜೊಡಯಾಜೆಪೀನ್‌ಗಳೆಲ್ಲದರ ಮೇಲೂ ಅವಲಂಬನೆ ಮತ್ತು ಬಿಡುವಾಗಿನ ಅಪಾಯಗಳ ಎಚ್ಚರಿಕೆಯನ್ನು ಬಲಪಡಿಸಿತು.

ಇದನ್ನು ಓದಿ ಯಾರೂ ಈ ರಾತ್ರಿಯೇ ಮಾತ್ರೆಯನ್ನು ಬಿಸಾಡಬಾರದು ಎಂದು ನಾವು ಒತ್ತಿ ಹೇಳುತ್ತೇವೆ. ಬಹುಕಾಲ ನುಂಗಿದವರು ಥಟ್ಟನೆ ನಿಲ್ಲಿಸಿದರೆ ಮೂರ್ಛೆ ಬರಬಹುದು, ಪ್ರಾಣಕ್ಕೂ ಅಪಾಯವಾಗಬಹುದು. ವೈದ್ಯರ ಮೇಲ್ವಿಚಾರಣೆಯಲ್ಲಿ ವಾರಗಳು, ಕೆಲವೊಮ್ಮೆ ತಿಂಗಳುಗಳ ಕಾಲ ಮೆಟ್ಟಿಲು ಮೆಟ್ಟಿಲಾಗಿ ಇಳಿಸುತ್ತ ಬರಬೇಕು. ಮೂರ್ಛೆರೋಗಕ್ಕಾಗಿ ಕ್ಲೊನಾಜೆಪಾಮ್, ಕ್ಲೊಬಜಾಮ್ ಮುಂತಾದವನ್ನು ತೆಗೆದುಕೊಳ್ಳುತ್ತಿರುವವರ ವಿಷಯ ಬೇರೆಯೇ. ಅವರು ತಮ್ಮ ವೈದ್ಯರ ಮಾತನ್ನೇ ನಡೆಸಬೇಕು. ದೀರ್ಘಕಾಲ ಮಾತ್ರೆಗೆ ಒಗ್ಗಿಹೋದದ್ದು ಚಟವೆಂದು ಯಾರನ್ನೂ ಹೀಯಾಳಿಸಬಾರದು. ಬರೆದುಕೊಟ್ಟ ಮದ್ದನ್ನು ನಂಬಿ ನುಂಗಿದವರು ಅಪರಾಧಿಗಳಲ್ಲ. ಮನೆಯವರ ಸಹನೆಯೇ ಅವರಿಗೆ ಅರ್ಧ ಚಿಕಿತ್ಸೆ.

ಮಾತ್ರೆಯಿಲ್ಲದ ದಾರಿ

ದೀರ್ಘಕಾಲದ ನಿದ್ರಾಹೀನತೆಗೆ ಮೊದಲ ಚಿಕಿತ್ಸೆ ಮಾತ್ರೆಯಲ್ಲ, ನಿದ್ರೆಯ ಅಭ್ಯಾಸ ಮತ್ತು ಆಲೋಚನೆಗಳನ್ನು ತಿದ್ದುವ ಮನೋಚಿಕಿತ್ಸೆ ಎಂದು ಅಮೆರಿಕದ ವೈದ್ಯರ ಕಾಲೇಜು 2016ರಲ್ಲಿ ಸೂಚಿಸಿತು. ಕೆಲವೇ ಭೇಟಿಗಳಲ್ಲಿ ಮುಗಿಯುವ ಈ ಕ್ರಮದ ಮುಖ್ಯಾಂಶಗಳು ಸರಳವಾಗಿವೆ. ಏಳುವ ವೇಳೆಯನ್ನು ದಿನವೂ ಒಂದೇ ಆಗಿಡಬೇಕು. ಹಾಸಿಗೆಯನ್ನು ನಿದ್ರೆಗಲ್ಲದೆ ಕಚೇರಿ ಕೆಲಸಕ್ಕೋ ಮೊಬೈಲಿಗೋ ಬಳಸಬಾರದು. ಇಪ್ಪತ್ತು ನಿಮಿಷವಾದರೂ ನಿದ್ರೆ ಹತ್ತದಿದ್ದರೆ ಹೊರಳಾಡದೆ ಎದ್ದು, ಮಂದ ಬೆಳಕಿನಲ್ಲಿ ಕುಳಿತು, ತೂಕಡಿಕೆ ಬಂದಾಗ ಮರಳಬೇಕು. ಹಾಸಿಗೆಯಲ್ಲಿ ಕಳೆಯುವ ಸಮಯವನ್ನೇ ಮೊದಲು ಕಡಿಮೆ ಮಾಡಿಸುವುದೂ ಇದರ ಒಂದು ಭಾಗ. ಆದರೆ ಯಂತ್ರದ ಮುಂದೆ ದುಡಿಯುವವರು, ವಾಹನ ಚಾಲಕರು, ಮೂರ್ಛೆರೋಗವುಳ್ಳವರು ಆ ಭಾಗವನ್ನು ತಜ್ಞರ ನೆರವಿಲ್ಲದೆ ಮಾಡಬಾರದು.

ಪಾಳಿಯಲ್ಲಿ ದುಡಿಯುವವರಿಗೆ ಇನ್ನೂ ಕೆಲವು ಮಾತುಗಳು. ಹಗಲು ಮಲಗುವ ಕೋಣೆಗೆ ದಪ್ಪ ಪರದೆ ಹಾಕಿ ಕತ್ತಲು ಮಾಡಿಕೊಳ್ಳಬೇಕು. ಪಾಳಿಯ ಎರಡನೆಯ ಅರ್ಧದಲ್ಲಿ ಕಾಫಿ, ಚಹಾ ಬಿಡಬೇಕು, ಏಕೆಂದರೆ ಕಾಫಿಯ ಅಂಶ ಅರ್ಧಕ್ಕೆ ಇಳಿಯಲು ಸುಮಾರು 5 ಗಂಟೆ ಹಿಡಿಯುತ್ತದೆ. ಪಾಳಿಗೆ ಹೊರಡುವ ಮುನ್ನ ಅರ್ಧ ಗಂಟೆ ಮಲಗಿದರೆ ಲಾಭವಿದೆ. ಪಾಳಿ ಬದಲಾಗುವುದಾದರೆ ಬೆಳಗಿನಿಂದ ಮಧ್ಯಾಹ್ನಕ್ಕೆ, ಮಧ್ಯಾಹ್ನದಿಂದ ರಾತ್ರಿಗೆ ಹೀಗೆ ಮುಂದಕ್ಕೆ ಸರಿಯುವ ಕ್ರಮವನ್ನು ದೇಹ ಸುಲಭವಾಗಿ ಒಪ್ಪುತ್ತದೆ. ನಮ್ಮ ಸಮಾಜದಲ್ಲಿ ಕಾರ್ಖಾನೆಗಳನ್ನು ನಡೆಸುವವರೂ ಇದ್ದಾರೆ. ಕಾಯಕದ ಹಿರಿಮೆಯನ್ನು ಬಲ್ಲವರು ಕಾಯಕ ಮಾಡುವ ದೇಹದ ವಿಶ್ರಾಂತಿಯನ್ನೂ ಲೆಕ್ಕಕ್ಕೆ ಹಿಡಿಯಬೇಕೆಂದು ಅವರಲ್ಲಿ ನಮ್ಮ ವಿನಂತಿ. ಮನೆಯವರು ಕೂಡ, ರಾತ್ರಿ ದುಡಿದು ಬಂದವನು ಹಗಲು ಮಲಗಿದಾಗ ಅದನ್ನು ಸೋಮಾರಿತನವೆಂದು ಬಗೆಯದೆ, ಕುಕ್ಕರಿನ ಸೀಟಿ, ದೂರದರ್ಶನದ ಸದ್ದು, ಬಾಗಿಲ ಗಂಟೆಗಳಿಂದ ಅವನನ್ನು ಕಾಪಾಡಬೇಕು.

ಮನೆಮಂದಿಯ ಕರ್ತವ್ಯ

ಮಾತ್ರೆ ಬರೆಸಿಕೊಳ್ಳುವಾಗ ವೈದ್ಯರನ್ನು ನಾಲ್ಕು ಪ್ರಶ್ನೆ ಕೇಳಲು ಸಂಕೋಚ ಬೇಡ. ಎಷ್ಟು ದಿನ ನುಂಗಬೇಕು? ಮರುದಿನ ಯಾವ ಗಂಟೆಯಿಂದ ವಾಹನ, ಯಂತ್ರ ಮುಟ್ಟಬಹುದು? ಈಗ ನುಂಗುತ್ತಿರುವ ಇತರ ಮಾತ್ರೆಗಳೊಡನೆ ಹೊಂದುತ್ತದೆಯೇ? ನಿಲ್ಲಿಸುವುದು ಹೇಗೆ? ತಮ್ಮ ಪಾಳಿಯ ವೇಳೆ ಮತ್ತು ಕೆಲಸದ ಸ್ವರೂಪವನ್ನೂ ಅವರಿಗೆ ಹೇಳಬೇಕು. ಜೊಲ್ಪಿಡೆಮ್ ಬಗೆಯ ಮಾತ್ರೆಯಾದರೆ ಹಾಸಿಗೆಗೆ ಹೋಗುವ ಮುನ್ನ ಮಾತ್ರ, ಕನಿಷ್ಠ 7ರಿಂದ 8 ಗಂಟೆ ಮಲಗಲು ಸಮಯವಿದ್ದಾಗ ಮಾತ್ರ ನುಂಗಬೇಕು.

ಅಂಗಡಿಯಲ್ಲಿ ಚೀಟಿಯಿಲ್ಲದೆ ಮಾತ್ರೆ ಕೊಟ್ಟರೆ ಅದು ಉಪಕಾರವಲ್ಲ. ಅಲ್ಪ್ರಾಜೊಲಾಮ್, ಡಯಾಜೆಪಾಮ್, ನೈಟ್ರಾಜೆಪಾಮ್, ಜೊಲ್ಪಿಡೆಮ್ ಇವುಗಳನ್ನು ಸರ್ಕಾರವು 2013ರಲ್ಲಿ ಹೊರಡಿಸಿದ, 2014ರ ಮಾರ್ಚ್ 1ರಿಂದ ಜಾರಿಗೆ ಬಂದ ಎಚ್-1 ಅನುಸೂಚಿಯಲ್ಲಿ ಸೇರಿಸಿದೆ. ಬರೆದ ವೈದ್ಯರು, ರೋಗಿ, ಔಷಧ, ಪ್ರಮಾಣ ಇವೆಲ್ಲವನ್ನೂ ಅಂಗಡಿಯವರು ಪ್ರತ್ಯೇಕ ಪುಸ್ತಕದಲ್ಲಿ ದಾಖಲಿಸಿ 3 ವರ್ಷ ಕಾಯ್ದಿರಿಸಬೇಕೆಂಬ ನಿಯಮವಿದೆ. ಹಳೆಯ ಚೀಟಿಯೊಂದನ್ನೇ ವರ್ಷಗಟ್ಟಲೆ ಹಿಡಿದುಕೊಂಡು ತಿರುಗುವ ಪರಿಪಾಠವನ್ನು ನಾವೇ ಬಿಡಬೇಕು. ಮನೆಯಲ್ಲಿ ಈ ಮಾತ್ರೆಗಳನ್ನು ಬೀಗದ ಕಪಾಟಿನಲ್ಲಿಟ್ಟು, ಎಣಿಸಿ, ಹಿರಿಯರಿಗೆ ದಿನಕ್ಕೆ ಒಂದರಂತೆ ಕೈಗೆ ಕೊಡುವುದು ಒಳಿತು. ಮಕ್ಕಳ ಕೈಗೂ, ಮನಸ್ಸು ಕುಗ್ಗಿರುವವರ ಕೈಗೂ ಪೂರ್ತಿ ಪಟ್ಟಿ ಸಿಗಬಾರದು. ಯಾರಾದರೂ ಹೆಚ್ಚು ಮಾತ್ರೆ ನುಂಗಿದ್ದು ತಿಳಿದರೆ, ಎಬ್ಬಿಸಿದರೂ ಏಳದಿದ್ದರೆ, ಉಸಿರು ನಿಧಾನವಾಗಿದ್ದರೆ, ಕ್ಷಣವೂ ಕಾಯದೆ 108ಕ್ಕೆ ಕರೆಮಾಡಿ ಆಸ್ಪತ್ರೆಗೆ ಸಾಗಿಸಬೇಕು. ಉಳಿದ ಪಟ್ಟಿಯನ್ನೂ ಜೊತೆಗೆ ಒಯ್ಯಬೇಕು.

ನೆರವಿಗಾಗಿ ದೂರ ಅಲೆಯಬೇಕಾಗಿಲ್ಲ. ಎಲೆಕ್ಟ್ರಾನಿಕ್ ಸಿಟಿಗೆ ಹೋಗುವ ಹೊಸೂರು ರಸ್ತೆಯ ಮೇಲೆಯೇ ನಿಮ್ಹಾನ್ಸ್ ಇದೆ. 1954ರಲ್ಲಿ ಆರಂಭವಾದ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆಯೂ ಬೆಂಗಳೂರಿನ ಹಳೆಯ ಮಾನಸಿಕ ಆಸ್ಪತ್ರೆಯೂ 1974ರಲ್ಲಿ ಒಂದಾಗಿ ರೂಪುಗೊಂಡ ಈ ಸಂಸ್ಥೆಯಲ್ಲಿ ನಿದ್ರೆಯ ತೊಂದರೆಗೂ, ಔಷಧದ ಅವಲಂಬನೆಯಿಂದ ಹೊರಬರುವುದಕ್ಕೂ ತಜ್ಞರ ನೆರವು ದೊರೆಯುತ್ತದೆ. ವಿಮಾ ಸೌಲಭ್ಯವಿರುವ ಕಾರ್ಮಿಕರಿಗೆ ಪೀಣ್ಯ ಮತ್ತು ರಾಜಾಜಿನಗರದ ಇ.ಎಸ್.ಐ. ಆಸ್ಪತ್ರೆಗಳಿವೆ. ಮನೆಯಲ್ಲಿ ಕುಳಿತೇ ಮಾತನಾಡಬೇಕೆನ್ನುವವರು ಟೆಲಿ ಮಾನಸ್‌ನ 14416 ಸಂಖ್ಯೆಗೆ ಹಗಲು ರಾತ್ರಿ ಯಾವಾಗಲಾದರೂ, ಕನ್ನಡದಲ್ಲಿಯೇ, ಉಚಿತವಾಗಿ ಕರೆಮಾಡಬಹುದು. 2022ರ ಅಕ್ಟೋಬರ್ 10ರಂದು ಆರಂಭವಾದ ಈ ರಾಷ್ಟ್ರೀಯ ಸೇವೆಗೆ ನಿಮ್ಹಾನ್ಸ್ ಸಂಸ್ಥೆಯೇ ಕೇಂದ್ರಸ್ಥಾನ.

ನಮ್ಮ ಮನೆಗಳಲ್ಲಿ ಊಟವಾಯಿತೇ ಎಂದು ಕೇಳುವ ಸಂಪ್ರದಾಯವಿದೆ. ನಿದ್ರೆ ಬಂದಿತೇ, ಯಾವ ಮಾತ್ರೆ ನುಂಗುತ್ತಿದ್ದೀರಿ, ಎಷ್ಟು ದಿನದಿಂದ ಎಂದು ಕೇಳುವುದನ್ನೂ ಇನ್ನು ಮುಂದೆ ರೂಢಿಸಿಕೊಳ್ಳೋಣ. ತಂದೆತಾಯಿಗಳ ಮಾತ್ರೆಯ ಡಬ್ಬಿಯನ್ನು ಮಕ್ಕಳು, ಪಾಳಿ ದುಡಿಯುವ ಮಕ್ಕಳ ಮಾತ್ರೆಯ ಪಟ್ಟಿಯನ್ನು ತಂದೆತಾಯಿಗಳು ಈ ವಾರವೇ ಒಮ್ಮೆ ಪ್ರೀತಿಯಿಂದ ತೆರೆದು ನೋಡಲಿ.